ಫಟಫಟಿಯ ಚಿಕ್ಕ ಹಲ್ಲುಗಾಲಿ: ಕಡೆಗೀಲಿನಿಂದ ವಾಶರಿನ ಕಿವಿಯವರೆಗೆ



ರಣರಂಗದಲ್ಲಿ ದಶರಥನ ರಥದ ಕಡೆಗೀಲು ಕಳಚಿ ಬಿದ್ದಾಗ ಕೈಕೇಯಿಯು ತನ್ನ ಬೆರಳನ್ನೇ ಕೀಲಿನ ರಂಧ್ರದಲ್ಲಿಟ್ಟು ಗಾಲಿ ಕಳಚದಂತೆ ಕಾಪಾಡಿದಳೆಂಬ ಕಥೆಯನ್ನು ನಾವೆಲ್ಲರೂ ಅಜ್ಜಿಯರ ಬಾಯಿಂದ ಕೇಳಿದವರೇ. ವಾಲ್ಮೀಕಿ ರಾಮಾಯಣದಲ್ಲಿ ಪ್ರಸಂಗ ಹೀಗಿಲ್ಲ. ಅಲ್ಲಿ ಆಕೆ ಮೂರ್ಛೆಹೋದ ಗಂಡನನ್ನು ಯುದ್ಧಭೂಮಿಯಿಂದ ಆಚೆಗೆ ಕರೆದೊಯ್ದು ಉಳಿಸುತ್ತಾಳೆ. ಬೆರಳಿನ ಕಥೆ ಜನಪದರದು. ಬಂಡಿ ಹೂಡಿ, ಇಳಿಜಾರಿನಲ್ಲಿ ಗಾಲಿ ಕಳಚಿಕೊಳ್ಳುವ ಭಯವನ್ನು ಕಂಡುಂಡ ಜನ ಮಾತ್ರ ಇಂಥ ಕಥೆಯನ್ನು ಕಟ್ಟಬಲ್ಲರು. ಗಾಲಿಯಷ್ಟೇ ಮುಖ್ಯವಾದುದು ಗಾಲಿಯನ್ನು ಅಚ್ಚಿನ ಮೇಲೆ ಹಿಡಿದಿಡುವ ಬೆರಳುದ್ದದ ಕಬ್ಬಿಣ ಎಂಬುದು ಅವರಿಗೆ ತಿಳಿದಿತ್ತು. ವಚನಕಾರರೂ ಬಂಡಿಯ ಕಡೆಗೀಲನ್ನು ದೃಷ್ಟಾಂತವಾಗಿ ಬಳಸಿದ್ದುಂಟು.

ಇಂದು ನಾನು ಬರೆಯಹೊರಟಿರುವುದು ಆ ಕಡೆಗೀಲಿನ ವಂಶಜನೊಬ್ಬನ ಕುರಿತು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮನೆಗೊಂದರಂತೆ ಇರುವ ಮೋಟಾರು ಸೈಕಲ್ಲಿನ, ಅರ್ಥಾತ್ ನಮ್ಮ ಹಿರಿಯರು ಕರೆಯುತ್ತಿದ್ದ 'ಫಟಫಟಿ'ಯ, ಎಂಜಿನ್ನಿನ ಪಕ್ಕದಲ್ಲಿ ಮುಚ್ಚಳದ ಹಿಂದೆ ಅಡಗಿರುವ ಚಿಕ್ಕ ಹಲ್ಲುಗಾಲಿ ಅದು. ಗ್ಯಾರೇಜಿನ ಭಾಷೆಯಲ್ಲಿ 'ಮುಂದಿನ ಸ್ಪ್ರಾಕೆಟ್'. ಅಂಗೈಯಲ್ಲಿ ಹಿಡಿಯಬಹುದಾದ ಈ ಉಕ್ಕಿನ ಬಿಲ್ಲೆಯ ಇತಿಹಾಸವನ್ನೂ, ಅದನ್ನು ಬದಲಿಸಿ ಭದ್ರಪಡಿಸುವ ಕ್ರಮವನ್ನೂ ಒಟ್ಟಿಗೆ ಹೇಳಬೇಕೆಂದಿದ್ದೇನೆ. ಹಾಗೇಕೆ ಎಂಬುದು ಮುಂದೆ ತಿಳಿಯುತ್ತದೆ.

ಚೈನಿಗಿಂತ ಮುಂಚೆ

ಒಂದು ಕಡೆ ಹುಟ್ಟಿದ ಬಲವನ್ನು ಇನ್ನೊಂದು ಕಡೆಗೆ ಸಾಗಿಸುವುದು ಹೇಗೆ? ಯಂತ್ರಯುಗದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ನಮ್ಮ ಘಟಪ್ರಭೆಯೇ ಇದಕ್ಕೆ ಸಾಕ್ಷಿ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದ ಬಲವನ್ನು ಬಳಸಿಕೊಂಡು ನೂಲಿನ ಗಿರಣಿ ನಡೆಸುವ ಉದ್ದೇಶದಿಂದ 1885ರಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. ಅದರ ಹೆಸರಿನಲ್ಲಿಯೇ 'ಜಲಶಕ್ತಿ' ಎಂಬ ಪದವಿತ್ತು. ಆ ಕಾಲದ ಗಿರಣಿಗಳಲ್ಲಿ ಒಂದೊಂದು ಯಂತ್ರಕ್ಕೂ ಒಂದೊಂದು ಮೋಟಾರು ಇರಲಿಲ್ಲ. ಮಾಡಿನ ಕೆಳಗೆ ಉದ್ದಕ್ಕೂ ಒಂದು ಉಕ್ಕಿನ ದಂಡ ತಿರುಗುತ್ತಿತ್ತು. ಅದರಿಂದ ಹಗ್ಗ ಇಲ್ಲವೇ ತೊಗಲಿನ ಪಟ್ಟಿಗಳು ಇಳಿದು ಬಂದು ಯಂತ್ರಗಳನ್ನು ತಿರುಗಿಸುತ್ತಿದ್ದವು. ತೊಗಲಿನ ಪಟ್ಟಿಗೆ ಒಂದು ದೋಷವಿದೆ: ಭಾರ ಹೆಚ್ಚಾದರೆ, ಮಳೆಯಲ್ಲಿ ನೆನೆದರೆ ಅದು ಜಾರುತ್ತದೆ. ಗಿರಣಿಯಲ್ಲಿ ಜಾರಿದರೆ ನೂಲು ಹರಿದೀತು, ಅಷ್ಟೆ. ಏರು ಹತ್ತುವ ವಾಹನದಲ್ಲಿ ಜಾರಿದರೆ ಸವಾರ ಅಲ್ಲಿಯೇ ನಿಲ್ಲಬೇಕಾಗುತ್ತದೆ.

ಜಾರದಿರಬೇಕಾದರೆ ಹಲ್ಲು ಬೇಕು, ಹಲ್ಲಿಗೆ ಸಿಕ್ಕಿಕೊಳ್ಳುವ ಕೊಂಡಿ ಬೇಕು. ಸ್ವಿಟ್ಜರ್‌ಲೆಂಡಿನ ಆರಾವ್ ಊರಿನಲ್ಲಿ 1852ರಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ ಎಂಬಾತ 1879ರಲ್ಲಿ, ನೂಲಿನ ಯಂತ್ರಗಳಿಗೆ ಸರಪಳಿ ಮಾಡುತ್ತಿದ್ದ ಚಿಕ್ಕ ಕಾರ್ಖಾನೆಯೊಂದನ್ನು ಕೊಂಡನು. ಮರುವರ್ಷ, 1880ರಲ್ಲಿ, ಆತ ರೂಪಿಸಿದ ಬುಶ್ ಮತ್ತು ರೋಲರ್ ಸರಪಳಿಯೇ ಇಂದು ನಮ್ಮ ಸೈಕಲ್ಲು, ಫಟಫಟಿಗಳಲ್ಲಿರುವ ಚೈನಿನ ಮೂಲಪುರುಷ. ಅದಕ್ಕಿಂತ ಮುಂಚಿನ ಸರಪಳಿಗಳಲ್ಲಿ ತೆಳುವಾದ ಪಟ್ಟಿಯ ಅಂಚಿನ ಮೇಲೆಯೇ ಎಲ್ಲ ಭಾರ ಬೀಳುತ್ತಿತ್ತು, ಬೇಗ ಸವೆಯುತ್ತಿತ್ತು. ರೆನಾಲ್ಡನು ಪಿನ್ನಿನ ಸುತ್ತ ಅಗಲವಾದ ಕೊಳವೆಯನ್ನು, ಅದರ ಸುತ್ತ ಉರುಳುವ ರೋಲರನ್ನು ಇಟ್ಟು ಭಾರವನ್ನು ಹರಡಿದನು. ನೂಲಿನ ಗಿರಣಿಗಾಗಿ ಹುಟ್ಟಿದ ವಿದ್ಯೆ ರಸ್ತೆಗೆ ಬಂದುದು ಹೀಗೆ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ 'ರೋವರ್' ಸೈಕಲ್ಲು ಹಿಂದಿನ ಗಾಲಿಯನ್ನು ಚೈನಿನಿಂದ ತಿರುಗಿಸಿತು. ಗೋಕಾಕದ ಗಿರಣಿಯ ಕಂಪನಿಯೂ ಆ ಸೈಕಲ್ಲೂ ಒಂದೇ ವರ್ಷದ ಮಕ್ಕಳೆಂಬುದು ಸ್ವಾರಸ್ಯದ ಸಂಗತಿ.

ಮೊದಮೊದಲಿನ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲು ತೊಗಲಿನ ಪಟ್ಟಿಯನ್ನೇ ನೆಚ್ಚಿಕೊಂಡಿದ್ದವು. ಅಮೆರಿಕದ 'ಇಂಡಿಯನ್' ಕಂಪನಿ 1901ರಿಂದಲೇ ಚೈನನ್ನು ಬಳಸಿದ ಕೆಲವೇ ಧೈರ್ಯಶಾಲಿಗಳಲ್ಲಿ ಒಂದು. ಮುಂದಿನ ಎರಡು ಮೂರು ದಶಕಗಳಲ್ಲಿ ಪಟ್ಟಿ ಹಿಂದೆ ಸರಿಯಿತು, ಚೈನು ಉಳಿಯಿತು.

ದೊಡ್ಡದು ಮುಂದೋ, ಹಿಂದೋ?

ತರಗತಿಯಲ್ಲಿ ನಾನು ಕೇಳುತ್ತಿದ್ದ ಒಂದು ಪ್ರಶ್ನೆ ಹಲವರಿಗೆ ನೆನಪಿರಬಹುದು. ಸೈಕಲ್ಲಿನಲ್ಲಿ ಪೆಡಲಿನ ಹತ್ತಿರದ ಹಲ್ಲುಗಾಲಿ ದೊಡ್ಡದು, ಹಿಂದಿನದು ಚಿಕ್ಕದು. ಫಟಫಟಿಯಲ್ಲಿ ಮುಂದಿನದು ಚಿಕ್ಕದು, ಹಿಂದಿನದು ದೊಡ್ಡದು. ಏಕೆ?

ಮನುಷ್ಯನ ಕಾಲು ನಿಮಿಷಕ್ಕೆ 60-70 ಸುತ್ತು ತುಳಿದರೆ ಹೆಚ್ಚು. ಅದನ್ನು ಗಾಲಿಯಲ್ಲಿ ಹೆಚ್ಚಿಸಬೇಕು. ಎಂಜಿನ್ನು ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುತ್ತದೆ. ಅದನ್ನು ತಗ್ಗಿಸಿ, ಬಲವಾಗಿ ಪರಿವರ್ತಿಸಬೇಕು. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಮುಂದಿನದು ಮೂರು ಸುತ್ತು ತಿರುಗಿದಾಗ ಹಿಂದಿನ ಗಾಲಿ ಒಂದು ಸುತ್ತು. ಇಂಥ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಮುಂದಿನ ಹಲ್ಲುಗಾಲಿ ನಿಮಿಷಕ್ಕೆ ಸುಮಾರು 1,500 ಸಲ ತಿರುಗುತ್ತದೆ. ಹಿಂದಿನ ಒಂದು ಹಲ್ಲು ಚೈನನ್ನು ಒಮ್ಮೆ ಮುಟ್ಟುವಷ್ಟರಲ್ಲಿ ಮುಂದಿನ ಹಲ್ಲು ಮೂರು ಸಲ ಮುಟ್ಟಿರುತ್ತದೆ. ಎಂದಮೇಲೆ ಮೊದಲು ಸವೆಯುವುದು ಯಾವುದೆಂದು ಲೆಕ್ಕ ಮಾಡಿ ತಿಳಿಯಬೇಕಾಗಿಲ್ಲ. ಮನೆಯಲ್ಲಿ ಚಿಕ್ಕವರಿಗೇ ಹೆಚ್ಚು ಓಡಾಟ!

ಸೈಕಲ್ಲಿನ ಕಾಲದಲ್ಲಿಯೂ 'ಭದ್ರಪಡಿಸುವ' ಪ್ರಶ್ನೆ ಇತ್ತು. ಪೆಡಲಿನ ದಂಡಕ್ಕೆ ಬಡಿದಿರುತ್ತಿದ್ದ ಕಾಟರ್ ಪಿನ್ನು ಸಡಿಲಾದರೆ ಪ್ರತಿ ತುಳಿತಕ್ಕೂ 'ಟಕ್' ಎಂಬ ಸದ್ದು. ಅಲಕ್ಷಿಸಿದರೆ ಪಿನ್ನು ಸವೆದು ಪೆಡಲು ಸುಮ್ಮನೆ ತಿರುಗುತ್ತಿತ್ತು. ಬಂಡಿಯ ಕಡೆಗೀಲು, ಸೈಕಲ್ಲಿನ ಕಾಟರ್ ಪಿನ್ನು, ಫಟಫಟಿಯ ನಟ್ಟು-ವಾಶರು ಇವು ಒಂದೇ ಮನೆತನದ ಮೂರು ತಲೆಮಾರು.

ನಮ್ಮ ನಾಡಿಗೆ ಬಂದ ಬಗೆ

1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಗಿ ಬುಲೆಟ್ ಗಾಡಿಗಳು ದೇಶದಲ್ಲಿಯೇ ಸಿದ್ಧವಾಗತೊಡಗಿದವು. ನಮ್ಮ ರಾಜ್ಯಕ್ಕೆ ಹೆಮ್ಮೆ ತಂದದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯೊಂದಿಗೆ ಇರಾನಿ ಮನೆತನದವರು 1960ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬಂದವು. 1970ರ ದಶಕದಲ್ಲಿ ಅವು 'ಯೆಜ್ದಿ' ಎಂಬ ಹೆಸರು ಪಡೆದವು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ. ಇವು ಎಲ್ಲರ ಕಣ್ಣಿಗೆ ಕಂಡ ವೈಶಿಷ್ಟ್ಯಗಳು. ಕಣ್ಣಿಗೆ ಕಾಣದ ಒಂದು ಗುಣವೂ ಇತ್ತು: ಚೈನು ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಮುಚ್ಚಿರುತ್ತಿತ್ತು. ಧೂಳು, ಕೆಸರು, ಸೀರೆಯ ಸೆರಗು ಯಾವುದೂ ಚೈನನ್ನು ತಾಗುತ್ತಿರಲಿಲ್ಲ. ಆದುದರಿಂದಲೇ ಚೈನೂ ಹಲ್ಲುಗಾಲಿಗಳೂ ಬಹುಕಾಲ ಬಾಳುತ್ತಿದ್ದವು.

1980ರ ದಶಕದ ನಡುವೆ ಜಪಾನಿನ ಸಹಯೋಗದ ಹಗುರ ಗಾಡಿಗಳು ಬಂದವು. 1985ರಲ್ಲಿ ಹೀರೊ ಹೋಂಡಾ ಸಿ.ಡಿ. 100, ಅದೇ ವರ್ಷ ಯಮಹಾ ಆರ್.ಎಕ್ಸ್. 100. ಕಡಿಮೆ ಎಣ್ಣೆಯಲ್ಲಿ ಹೆಚ್ಚು ದೂರ ಓಡುವ ಗಾಡಿಗಳು ನಮ್ಮ ಕಬ್ಬಿನ ಸೀಮೆಯ ರೈತನಿಗೂ, ಹಳ್ಳಿಯಿಂದ ಹಳ್ಳಿಗೆ ವರ್ಗವಾಗುತ್ತಿದ್ದ ನಮ್ಮಂಥ ಶಿಕ್ಷಕರಿಗೂ ಎಟಕುವಂತಾದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಆ ಗಾಡಿಗಳು ಹುಟ್ಟುವುದು ಯಾದವಗಿರಿಯಲ್ಲಲ್ಲ.

ಕಾರ್ಖಾನೆಯೊಂದು ಮುಚ್ಚಿದಾಗ ಕಟ್ಟಡ, ಯಂತ್ರ, ಉದ್ಯೋಗಗಳ ಜೊತೆಗೆ ಇನ್ನೊಂದು ವಸ್ತುವೂ ಹೋಗುತ್ತದೆ: ಕೈಯಿಂದ ಕೈಗೆ ಹರಿದು ಬಂದ ಶಿಸ್ತು. ಹಳೆಯ ಬುಲೆಟ್ಟಿನಲ್ಲಿ ಕ್ಲಚ್ಚನ್ನು ಬಿಚ್ಚದೆ ಮುಂದಿನ ಹಲ್ಲುಗಾಲಿಯ ದರ್ಶನವೇ ಆಗುತ್ತಿರಲಿಲ್ಲ. ಅಷ್ಟು ಬಿಚ್ಚಿದ ಮೇಲೆ ಯಾರೂ ಅರೆಬರೆ ಕೆಲಸ ಮಾಡುತ್ತಿರಲಿಲ್ಲ. ಈಗಿನ ಗಾಡಿಗಳಲ್ಲಿ ಎರಡು ಮೂರು ಬೋಲ್ಟು ಬಿಚ್ಚಿದರೆ ಸಾಕು, ಹಲ್ಲುಗಾಲಿ ಎದುರಿಗೆ. ಕೆಲಸ ಸುಲಭವಾದಷ್ಟೂ ಅಲಕ್ಷ್ಯವೂ ಸುಲಭ.

ಒಂದು ಸಂಜೆಯ ಸಂಗತಿ

ಕೆಲವು ವರ್ಷಗಳ ಹಿಂದೆ ಕಬ್ಬಿನ ಹಂಗಾಮಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಗುವಿನೊಡನೆ ಮೂಡಲಗಿಯ ಕಡೆಯಿಂದ ಗೋಕಾಕಕ್ಕೆ ಬರುತ್ತಿದ್ದ. ವಾರದ ಹಿಂದಷ್ಟೇ ಎಲ್ಲಿಯೋ ಹೊಸ ಚೈನು-ಸ್ಪ್ರಾಕೆಟ್ ಹಾಕಿಸಿದ್ದ. ಹಾದಿಯಲ್ಲಿ 'ಕಟ್ ಕಟ್' ಎಂಬ ಸದ್ದು ಕೇಳಿತು. ಹೊಸದಲ್ಲವೇ, ಹೊಂದಿಕೊಳ್ಳುತ್ತದೆ ಎಂದುಕೊಂಡ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಹಲ್ಲುಗಾಲಿ ದಂಡದಿಂದ ಜಾರಿ, ಚೈನು ಮುದುಡಿ ಮುಚ್ಚಳದೊಳಗೆ ಸಿಕ್ಕಿಕೊಂಡಿತು. ಹಿಂದಿನ ಗಾಲಿ ಒಮ್ಮೆಲೇ ನಿಂತಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರು ಬರುತ್ತಿತ್ತು. ಚಾಲಕ ಎಚ್ಚರದಿಂದಿದ್ದುದರಿಂದ ಮೂವರೂ ತರಚು ಗಾಯಗಳೊಂದಿಗೆ ಉಳಿದರು. ಎಂಜಿನ್ನಿನ ಕವಚ ಒಡೆದು ಎಣ್ಣೆ ರಸ್ತೆಯ ಮೇಲೆ ಹರಿದಿತ್ತು.

ಗಾಡಿಯನ್ನು ಬಿಚ್ಚಿ ನೋಡಿದ ವಯಸ್ಸಾದ ಮೇಸ್ತ್ರಿಯೊಬ್ಬರು ನಟ್ಟಿನ ಹಿಂದಿನ ವಾಶರನ್ನು ನನ್ನ ಅಂಗೈಯಲ್ಲಿಟ್ಟರು. ಅದು ಹಳೆಯ ವಾಶರು. ಅದರ ಕಿವಿ ಮುರಿದು ಹೋಗಿತ್ತು. "ನಟ್ ಬಿಗದ್ರ ಅರ್ಧಾ ಕೆಲಸ ಆತ್ರಿ ಸರ, ಕಿವಿ ಮಡಚಿದ್ರ ಪೂರಾ. ಹೊಸಾ ವಾಶರ್ ಎಷ್ಟ್ ಮಹಾ ರೊಕ್ಕ ಅದ?" ಎಂದರು. ಅಂದು ಅವರಾಡಿದ ಮಾತೇ ಈ ಲೇಖನಕ್ಕೆ ಬೀಜ.

ನಟ್ಟು ಏಕೆ ಸಡಿಲಾಗುತ್ತದೆ?

ಎಂಜಿನ್ನಿನ ಬಲ ಹೊಳೆಯಂತೆ ಒಂದೇ ಸಮನೆ ಹರಿಯುವುದಿಲ್ಲ. ಒನಕೆಯ ಪೆಟ್ಟಿನಂತೆ ಬಿಟ್ಟುಬಿಟ್ಟು ಬರುತ್ತದೆ. ಎಕ್ಸಲೇಟರ್ ಕೊಟ್ಟಾಗ ಹಲ್ಲುಗಾಲಿ ಚೈನನ್ನು ಎಳೆಯುತ್ತದೆ. ಬಿಟ್ಟಾಗ ಚೈನೇ ಹಲ್ಲುಗಾಲಿಯನ್ನು ಎಳೆಯುತ್ತದೆ. ಈ ಹಿಂದುಮುಂದಿನ ತಿಕ್ಕಾಟದಲ್ಲಿ ನಟ್ಟು ಕೂದಲೆಳೆಯಷ್ಟು ಜರುಗುತ್ತ ಜರುಗುತ್ತ ಕೊನೆಗೆ ಬಿಚ್ಚಿಕೊಳ್ಳುತ್ತದೆ. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಪ್ರಯೋಗದಿಂದ ತೋರಿಸಿಕೊಟ್ಟದ್ದು ಇದನ್ನೇ: ಬೋಲ್ಟಿನ ಅಡ್ಡಕ್ಕೆ ಆಗುವ ಕಂಪನವೇ ಅದನ್ನು ಸಡಿಲಿಸುವ ಮುಖ್ಯ ಶತ್ರು. ಸಾಕಷ್ಟು ಬಿಗಿತವಿಲ್ಲದ ಕಡೆ ಸ್ಪ್ರಿಂಗ್ ವಾಶರೊಂದೇ ಕಾಪಾಡಲಾರದು.

ಇದಕ್ಕೆ ಯಂತ್ರಶಾಸ್ತ್ರ ಕಂಡುಕೊಂಡ ಪರಿಹಾರಗಳು ಮೂರು. ಮೊದಲನೆಯದು ಮಡಚುವ ವಾಶರು. ಇದರ ಒಳ ಅಂಚು ದಂಡದ ಗಾಡಿಗಳಲ್ಲಿ, ಎಂದರೆ ಉದ್ದುದ್ದ ಕೊರೆದ ಸಾಲುಗಳಲ್ಲಿ, ಕುಳಿತಿರುವುದರಿಂದ ಅದು ತಾನಾಗಿ ತಿರುಗಲಾರದು. ನಟ್ಟು ಬಿಗಿದ ಮೇಲೆ ವಾಶರಿನ ಅಂಚನ್ನು ಎತ್ತಿ ನಟ್ಟಿನ ಚಪ್ಪಟೆ ಬದಿಗೆ ಒತ್ತಿ ಮಡಚಿದರೆ ನಟ್ಟೂ ತಿರುಗಲಾರದು. ಎರಡನೆಯದು ಅನೇಕ ನೂರು ಸಿಸಿ ಗಾಡಿಗಳಲ್ಲಿರುವ ತಡೆ ಪಟ್ಟಿ. ಇಲ್ಲಿ ದೊಡ್ಡ ನಟ್ಟೇ ಇಲ್ಲ. ಹಲ್ಲಿನ ಒಳ ಅಂಚುಳ್ಳ ತೆಳು ಪಟ್ಟಿಯನ್ನು ದಂಡದ ಮೇಲೆ ಸರಿಸಿ, ಅಲ್ಲಿ ಸುತ್ತಲೂ ಕೊರೆದ ಗಾಡಿಯಲ್ಲಿ ತುಸು ತಿರುಗಿಸಿ, ಎರಡು ಚಿಕ್ಕ ಬೋಲ್ಟುಗಳಿಂದ ಹಲ್ಲುಗಾಲಿಗೆ ಸೇರಿಸುತ್ತಾರೆ. ಹೀಗೆ ತಿರುಗಿಸಿ ಬಾಗಿಲಿಗೆ ಅಗಳಿ ಹಾಕಿದಂತೆ. ಈ ಬಗೆಯಲ್ಲಿ ಹಲ್ಲುಗಾಲಿ ಪಕ್ಕಕ್ಕೆ ಕೊಂಚ ಅಲುಗುವುದು ಸಹಜ. ಅದನ್ನು ದೋಷವೆಂದು ತಿಳಿಯಬಾರದು. ಮೂರನೆಯದು ನಟ್ಟನ್ನು ಹಿಡಿದಿಡುವ ಅಂಟು. ಗಾಳಿ ಇಲ್ಲದ ಸಂದಿನಲ್ಲಿ, ಲೋಹದ ಸಂಪರ್ಕದಲ್ಲಿ ಮಾತ್ರ ಗಟ್ಟಿಯಾಗುವ ಈ ದ್ರವವನ್ನು 1953ರಲ್ಲಿ ರೂಪಿಸಿದಾತ ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ವರ್ನನ್ ಕ್ರೀಬಲ್. ಅಧ್ಯಾಪಕರೂ ಒಮ್ಮೊಮ್ಮೆ ಲೋಕೋಪಯೋಗಿ ಕೆಲಸ ಮಾಡುತ್ತಾರೆಂಬುದಕ್ಕೆ ಇದೊಂದು ನಿದರ್ಶನ!

ಬದಲಿಸುವ ಕ್ರಮ

ಹಲ್ಲುಗಳು ಕುಡುಗೋಲಿನಂತೆ ಒಂದೇ ಬದಿಗೆ ಬಾಗಿ ಚೂಪಾಗಿದ್ದರೆ ಹಲ್ಲುಗಾಲಿಯ ಆಯುಷ್ಯ ಮುಗಿದಂತೆ. ಹಿಂದಿನ ಹಲ್ಲುಗಾಲಿಯ ಮೇಲಿಂದ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದಾಗ ಹಲ್ಲಿನಿಂದ ಎದ್ದು ಬಂದರೆ ಚೈನು ಜಗ್ಗಿದೆ ಎಂದರ್ಥ. ಅರ್ಧ ಅಂಗುಲದ, ಅಂದರೆ 12.7 ಮಿ.ಮೀ. ಅಂತರದ ಚೈನಿನಲ್ಲಿ 20 ಕೊಂಡಿಗಳು ಹೊಸದಿದ್ದಾಗ 254 ಮಿ.ಮೀ. ಇರುತ್ತವೆ. ಅದು 259ರ ಹತ್ತಿರ ಬಂದರೆ ಇನ್ನು ನೆಚ್ಚಬಾರದು. ದಂಡದ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಹಲ್ಲುಗಾಲಿ ಸಡಿಲಾಗಿ ತಿಕ್ಕುತ್ತಿದೆ ಎಂಬ ಸೂಚನೆ. ಚೈನು ಮತ್ತು ಎರಡೂ ಹಲ್ಲುಗಾಲಿಗಳನ್ನು ಒಟ್ಟಿಗೇ ಬದಲಿಸಬೇಕು. ಹೊಸ ಚೈನನ್ನು ಹಳೆಯ ಹಲ್ಲಿಗೆ ಹಾಕಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಎಂಜಿನ್ನು ತಣ್ಣಗಿರಬೇಕು, ಕೀಲಿಕೈ ತೆಗೆದಿರಬೇಕು. ಗೇರಿನ ಸನ್ನೆ ಇದ್ದ ಸ್ಥಾನಕ್ಕೆ ಗುರುತು ಹಾಕಿ ಬಿಚ್ಚಿ, ಮುಚ್ಚಳ ತೆಗೆಯಿರಿ. ಒಳಗೆ ಮೆತ್ತಿದ ಎಣ್ಣೆಮಣ್ಣನ್ನು ಸೀಮೆಎಣ್ಣೆಯಿಂದ ತೊಳೆಯಿರಿ. ಆ ಕೊಳೆಯ ಹಿಂದೆ ಎಣ್ಣೆ ಸೀಲು ಸೋರುತ್ತಿದ್ದರೆ ಆಗ ಕಾಣುತ್ತದೆ. ಈಗ ಮುಖ್ಯ ಮಾತು: ಚೈನನ್ನು ತೆಗೆಯುವ ಮುಂಚೆಯೇ ನಟ್ಟನ್ನು ಸಡಿಲಿಸಬೇಕು. ಮಡಚಿದ ಕಿವಿಯನ್ನು ಉಳಿಯಿಂದ ನಿಧಾನವಾಗಿ ನೇರಗೊಳಿಸಿ, ಗಾಡಿಯನ್ನು ಗೇರಿನಲ್ಲಿಟ್ಟು, ಇನ್ನೊಬ್ಬರು ಹಿಂದಿನ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಾಗ, ಉದ್ದ ಹಿಡಿಕೆಯ ಪಾನಾದಿಂದ ಬಿಚ್ಚಬೇಕು. ಎಂಜಿನ್ನಿನ ಕವಚಕ್ಕೆ ಸಳಿ ಚುಚ್ಚಿ ಹಲ್ಲುಗಾಲಿಯನ್ನು ತಡೆಯುವ ಪದ್ಧತಿ ಕೆಟ್ಟದು; ಅಲ್ಯುಮಿನಿಯಂ ಕವಚ ಬಿರಿಯುತ್ತದೆ. ನಟ್ಟು ಯಾವ ಕಡೆಗೆ ತಿರುಗುತ್ತದೆಂಬುದನ್ನು ಮೊದಲೇ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ.

ನಂತರ ಹಿಂದಿನ ಗಾಲಿಯ ಅಚ್ಚನ್ನು ಸಡಿಲಿಸಿ, ಗಾಲಿಯನ್ನು ಮುಂದಕ್ಕೆ ತಳ್ಳಿ, ಚೈನು ಲಾಕ್ ಬಿಚ್ಚಿ ಚೈನನ್ನು ತೆಗೆಯಿರಿ. ಹಳೆಯ ಹಲ್ಲುಗಾಲಿಯ ಯಾವ ಮುಖ ಹೊರಗಿತ್ತೆಂದು ನೋಡಿಟ್ಟುಕೊಂಡು ಹೊಸದನ್ನು ಹಾಗೆಯೇ ಕೂಡಿಸಿ. ತಿರುವುಮುರುವಾದರೆ ಚೈನಿನ ಸಾಲು ತಪ್ಪುತ್ತದೆ. ದಂಡದ ಸಾಲುಗಳೇ ಸವೆದು ಹೋಗಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ದಂಡವನ್ನೇ ಬದಲಿಸಬೇಕು. ಎಲ್ಲ ಸರಿಯಿದ್ದರೆ ಹೊಸ ವಾಶರು, ಅದರ ಮೇಲೆ ನಟ್ಟು. ಮತ್ತೆ ಚೈನು ಹಾಕಿ, ಬ್ರೇಕು ಒತ್ತಿಸಿ, ಪುಸ್ತಕದಲ್ಲಿ ಹೇಳಿದ ಅಳತೆಗೆ ಬಿಗಿಯಬೇಕು. ಕೊನೆಗೆ ಕಿವಿ ಮಡಚಬೇಕು. ತಡೆ ಪಟ್ಟಿಯ ಗಾಡಿಯಾದರೆ ಎರಡೂ ಬೋಲ್ಟುಗಳಿವೆಯೇ ಎಂದು ನೋಡಿ. ಒಂದೇ ಬೋಲ್ಟಿನಲ್ಲಿ ಓಡುವ ಗಾಡಿಗಳನ್ನು ನಾನು ಕಂಡಿದ್ದೇನೆ.

ಚೈನು ಲಾಕಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಇರಬೇಕು. ಚೈನಿಗೆ ತಕ್ಕಷ್ಟು ಸಡಿಲು ಬಿಡಬೇಕು. ಅತಿ ಬಿಗಿಯಾದರೆ ಬೇರಿಂಗ್ ಹಾಳು, ಅತಿ ಸಡಿಲಾದರೆ ಚೈನು ಜಿಗಿಯುತ್ತದೆ. ಹಿಂದಿನ ಅಚ್ಚಿನ ನಟ್ಟು, ಅದಕ್ಕಿದ್ದರೆ ಸೀಳು ಪಿನ್ನು, ಬ್ರೇಕಿನ ಆಟ ಇವನ್ನೂ ಪರೀಕ್ಷಿಸಿ. ಕೆಲವು ನೂರು ಕಿ.ಮೀ. ಓಡಿಸಿದ ಮೇಲೆ ಮುಚ್ಚಳ ತೆಗೆದು ಮತ್ತೊಮ್ಮೆ ನೋಡುವುದು ಜಾಣತನ.

ಹೇರು ಹೊರುವ ಕೆಲವರು ಮುಂದಿನ ಹಲ್ಲುಗಾಲಿಯಲ್ಲಿ ಒಂದು ಹಲ್ಲು ಕಡಿಮೆ ಮಾಡಿಸುತ್ತಾರೆ. 14ರ ಬದಲು 13 ಹಾಕಿದರೆ ಪ್ರಮಾಣ 3ರಿಂದ 3.23ಕ್ಕೆ ಏರುತ್ತದೆ, ಎಳೆಯುವ ಬಲ ಶೇಕಡಾ 7-8ರಷ್ಟು ಹೆಚ್ಚುತ್ತದೆ. ಆದರೆ ಅದೇ ವೇಗಕ್ಕೆ ಎಂಜಿನ್ನು ಅಷ್ಟೇ ಹೆಚ್ಚು ತಿರುಗಬೇಕು, ಎಣ್ಣೆ ಹೆಚ್ಚು ಬೇಕು, ಚಿಕ್ಕ ಸುತ್ತಿನಲ್ಲಿ ಬಾಗುವ ಚೈನು ಬೇಗ ಸವೆಯಬೇಕು. ಪ್ರಕೃತಿ ಯಾರಿಗೂ ಪುಕ್ಕಟೆ ಕೊಡುವುದಿಲ್ಲ.

ಕಾಣದ ಕೆಲಸದ ಬೆಲೆ

ಹುಕ್ಕೇರಿ ತಾಲ್ಲೂಕಿನಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದು ಮನೆಮನೆಗೆ ಬೆಳಕು ತಲುಪಿಸುತ್ತಿದೆ. ಇಂದು ಆ ವಿದ್ಯುತ್ತಿನಿಂದಲೇ ಓಡುವ ಸ್ಕೂಟರುಗಳೂ ನಮ್ಮ ರಸ್ತೆಗಿಳಿದಿವೆ. ಗಾಲಿಯೊಳಗೇ ಮೋಟಾರು ಇರುವಂಥವುಗಳಿಗೆ ಚೈನೂ ಇಲ್ಲ, ಹಲ್ಲುಗಾಲಿಯೂ ಇಲ್ಲ. ಮುಂದೊಂದು ದಿನ ಈ ಲೇಖನ ಪೂರ್ತಿ ಇತಿಹಾಸವಾದೀತು. ಆದರೆ ಆ ಗಾಲಿಯನ್ನೂ ಅಚ್ಚಿಗೆ ಹಿಡಿದಿಡಲು ಒಂದು ನಟ್ಟು ಬೇಕೇ ಬೇಕು. ಆ ನಟ್ಟನ್ನು ಕಾಯಲು ಇನ್ನೊಂದು ವಸ್ತು ಬೇಕು.

ಮುಚ್ಚಳ ಹಾಕಿದ ಮೇಲೆ ವಾಶರಿನ ಕಿವಿ ಮಡಚಿದೆಯೋ ಇಲ್ಲವೋ ಎಂಬುದು ಯಾರಿಗೂ ಕಾಣುವುದಿಲ್ಲ. ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಕಿವಿ ಮಡಚುವುದಕ್ಕೆ ಬೇಕಾದುದು ಅರ್ಧ ನಿಮಿಷ; ಅದನ್ನು ಮಾಡುವವನಿಗೂ ಬಿಡುವವನಿಗೂ ಅಂದು ಸಿಗುವ ಕೂಲಿ ಒಂದೇ. ವ್ಯತ್ಯಾಸ ತಿಳಿಯುವುದು ಎಲ್ಲಿಯೋ ದೂರದ ರಸ್ತೆಯಲ್ಲಿ, ಆತನಿಗೆ ಪರಿಚಯವೇ ಇಲ್ಲದ ಒಂದು ಮಗುವಿನ ಪಾಲಿಗೆ.

ನನ್ನ ವಿದ್ಯಾರ್ಥಿಗಳಲ್ಲಿ ಗ್ಯಾರೇಜು ನಡೆಸುವವರಿದ್ದೀರಿ, ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ದುಡಿಯುವವರಿದ್ದೀರಿ, ದಿನವೂ ಫಟಫಟಿಯ ಮೇಲೆ ಮಕ್ಕಳನ್ನು ಶಾಲೆಗೆ ಬಿಡುವವರಂತೂ ಎಲ್ಲರೂ ಇದ್ದೀರಿ. ಮೊದಲಿನವರು ಹಳೆಯ ವಾಶರನ್ನು ಮತ್ತೆ ಹಾಕಬೇಡಿರಿ. ಉಳಿದವರು ಹೊಸ ಚೈನು ಹಾಕಿಸಿದ ದಿನ ಮುಚ್ಚಳ ಮುಚ್ಚುವ ಮುಂಚೆ ಒಮ್ಮೆ ಬಗ್ಗಿ ನೋಡಿ, "ಕಿವಿ ಮಡಚೀರೇನ್ರಿ?" ಎಂದು ಕೇಳಿರಿ. ಅಷ್ಟು ಕೇಳಿದರೆ ಯಾವ ಮೇಸ್ತ್ರಿಯೂ ಸಿಟ್ಟಾಗುವುದಿಲ್ಲ, ಬಲ್ಲವನಾದರೆ ಸಂತೋಷಪಡುತ್ತಾನೆ.